ಓಸ್ಲರ್ ಶಾಲೆಯ ಕೈ ಬಿಡದ ವರ್ಲಾ

ನಮ್ಮ ಪ್ಲಮ್ ಫೋರ್ಕ್ ಹೈಸ್ಕೂಲಿನ ಹುಡುಗಿಯರಿಗೆ ವರ್ಲಾ ಕುಚೇರಾ ಅವರು ಕಾಲು ಶತಮಾನ ವಾಲಿಬಾಲ್ ಕಲಿಸಿದರು. ಶಾಲೆಯ ಕ್ರೀಡಾ ವಿಭಾಗವೂ ಅವರ ಕೈಯಲ್ಲೇ ಇತ್ತು. ನಾನು ಅಲ್ಲಿ ಗಣಿತದ ಮೇಷ್ಟ್ರು, ಸಂಜೆಯಾದರೆ ಅವರ ಸಹಾಯಕ.

ಅಮೆರಿಕದ ನೆಬ್ರಾಸ್ಕಾದ ನಮ್ಮ ಸೀಮೆಯ ಎಂಟು ಶಾಲೆಗಳು ಸೇರಿ ಒಂದು ಕೂಟ, ಅಂದರೆ ಆಟದ ಒಕ್ಕೂಟ, ಕಟ್ಟಿಕೊಂಡಿದ್ದವು. ವರ್ಷದ ಪಂದ್ಯಗಳೆಲ್ಲ ಹೆಚ್ಚುಕಡಿಮೆ ನಮ್ಮನಮ್ಮಲ್ಲೇ. ಮಕ್ಕಳ ಸಂಖ್ಯೆ ಹೆಚ್ಚಿದ ಎರಡು ಶಾಲೆಗಳು ಮೊದಲು ದೊಡ್ಡ ಊರುಗಳ ಕೂಟಕ್ಕೆ ಹೊರಟವು. ಅವುಗಳನ್ನು ನೋಡಿ ಇನ್ನೂ ನಾಲ್ಕು ಬೇರೆ ದಾರಿ ಹಿಡಿದವು. ಉಳಿದದ್ದು ನಾವು ಮತ್ತು ಓಸ್ಲರ್. ಓಸ್ಲರಿನ ಇಡೀ ಹೈಸ್ಕೂಲಿಗೆ ಮೂವತ್ತು ಚಿಲ್ಲರೆ ಮಕ್ಕಳು.

ಆಗ ಪಶ್ಚಿಮದ ಕೂಟವೊಂದು ನಮ್ಮನ್ನು ಕರೆಯಿತು. ನಮ್ಮನ್ನು ಮಾತ್ರ. ಶಾಲಾ ಮಂಡಳಿಯ ಸಭೆಯಲ್ಲಿ ನಮ್ಮ ಮುಖ್ಯಾಧಿಕಾರಿ ಗಾರ್ಡನ್ ಸ್ಟೈಂಕಿ ಖುಷಿಯಾಗಿದ್ದರು.

"ಒಪ್ಕೊಂಡುಬಿಡೋಣ. ಇಂಥ ಅವಕಾಶ ಮತ್ತೆ ಬರಲ್ಲ."

"ಓಸ್ಲರ್‌ನವರ ಗತಿ ಏನು ಸಾರ್?" ಎಂದರು ವರ್ಲಾ.

"ಅವರ ಚಿಂತೆ ಅವರಿಗಿರಲಿ."

"ಹಿಮದ ಭಾರಕ್ಕೆ ನಮ್ಮ ಜಿಮ್ಮಿನ ಚಾವಣಿ ಕುಸಿದ ವರ್ಷ ನಾವು ಎಲ್ಲಿ ಆಡಿದ್ವಿ? ಅವರ ಜಿಮ್ಮಲ್ಲಿ. ಅವರ ಮಕ್ಕಳು ಬೆಳಗ್ಗೆ ಕತ್ತಲಲ್ಲೇ ಎದ್ದು ಪ್ರಾಕ್ಟೀಸ್ ಮುಗಿಸಿ, ಸಂಜೆ ಹೊತ್ತು ನಮಗೆ ಬಿಟ್ಟುಕೊಟ್ರು. ನಿಮ್ಮ ಚಿಂತೆ ನಿಮಗಿರಲಿ ಅಂದ್ರಾ ಅವರು?"

ಸೇರಿಸಿಕೊಂಡರೆ ಇಬ್ಬರನ್ನೂ ಸೇರಿಸಿಕೊಳ್ಳಿ ಎಂದು ಹೇಳಿ ಕಳಿಸಲು ಮಂಡಳಿ ಒಂದೇ ಮತದ ಅಂತರದಲ್ಲಿ ಒಪ್ಪಿತು. ಪಶ್ಚಿಮದವರು ಆಗುವುದಿಲ್ಲ ಎಂದರು.

ಮರುವರ್ಷ ನಮಗೆ ಕೂಟವೇ ಇರಲಿಲ್ಲ. ಯಾರಿಗೆ ಬಿಡುವಿದೆಯೋ ಅವರ ಊರಿಗೆ ಮೂರು ಗಂಟೆ ಬಸ್ಸಿನಲ್ಲಿ ಹೋಗಿ ಆಡಬೇಕು. ಕೆಫೆಯಲ್ಲಿ ನಮ್ಮ ತಂಡದ ಹುಡುಗಿಯೊಬ್ಬಳ ತಂದೆ ಲಾನಿ ಬ್ರಾಂಟ್ ವರ್ಲಾ ಅವರನ್ನು ಕಿಚಾಯಿಸಿದ:

"ಏನ್ ಕೋಚ್, ನಾಳೆ ಮ್ಯಾಚು ಕೆನಡಾದಲ್ಲಾ?"

"ಅದು ಮುಂದಿನ ವಾರ ಕಣಯ್ಯ. ದಪ್ಪ ಕೋಟ್ ಹಾಕ್ಕೊಂಡ್ ಬಾ."

ಎಲ್ಲರೂ ನಕ್ಕರು. ಹೊರಗೆ ಬಂದ ಮೇಲೆ ವರ್ಲಾ ನನ್ನ ಮುಖ ನೋಡದೆ ಕೇಳಿದರು: "ಮಕ್ಕಳು ಬಸ್ಸಲ್ಲೇ ಹೋಂವರ್ಕ್ ಮಾಡ್ತಾ ನಿದ್ದೆ ಹೋಗ್ತಿದಾರೆ. ನಾನು ಸುಮ್ನೆ ಹಟ ಮಾಡಿದ್ನಾ?"

ಆ ಚಳಿಗಾಲವೆಲ್ಲ ಅವರು ತಮ್ಮ ಹಳೇ ಪಿಕಪ್ ಹತ್ತಿ, ನಮ್ಮಂತೆಯೇ ಒಡೆದ ಕೂಟಗಳಲ್ಲಿ ಉಳಿದುಹೋದ ಶಾಲೆಗಳನ್ನು ಹುಡುಕಿಕೊಂಡು ಹೋದರು. ಕೆಲವರು ಕಾಫಿ ಕೊಟ್ಟು ಸಾಗಹಾಕಿದರು. ಕೊನೆಗೆ ನಾವೂ ಓಸ್ಲರಿನವರೂ ಸೇರಿ ಆರು ಶಾಲೆಗಳವರು ಓಸ್ಲರಿನ ಊಟದ ಕೋಣೆಯಲ್ಲಿ ಬಟ್ಟಲಲ್ಲಿ ಚಿಲಿ ಎಂಬ ಖಾರದ ಬೀನ್ಸ್ ಸಾರು, ದಾಲ್ಚಿನ್ನಿಯ ಸಿಹಿ ರೋಲ್ ಮುಂದಿಟ್ಟುಕೊಂಡು ಕೂತರು. ಸ್ಟೈಂಕಿಯೂ ಬಂದಿದ್ದರು. "ಓಸ್ಲರ್ ಸಹವಾಸ ಬೇಡ ಅಂದವರಲ್ಲಿ ನಾನೇ ಮೊದಲಿಗ," ಎಂದು ಅವರೇ ಎದ್ದು ಹೇಳಿದರು. "ಈಗ ಹೊಸ ಕೂಟಕ್ಕೆ ಮೊದಲು ಕೈ ಎತ್ತೋನೂ ನಾನೇ."

ಓಸ್ಲರಿನ ಕೋಚ್ ಟ್ರೂಡಿ ಆಮ್ಸೆಲ್, ಇನ್ನೂ ಚಿಕ್ಕ ವಯಸ್ಸಿನವಳು, ಹಿಂಜರಿದಳು. "ಜೂನಿಯರ್ ತಂಡ ಕಟ್ಟೋಕೆ ನಮ್ಮಲ್ಲಿ ಮಕ್ಕಳೇ ಇಲ್ಲ ಮೇಡಂ."

"ಇರೋ ತಂಡ ಕರ್ಕೊಂಡ್ ಬಾ ತಾಯಿ, ಸಾಕು."

ಕೂಟ ಕಟ್ಟುವುದು ಬೇಗ ಮುಗಿಯಿತು. ಅದಕ್ಕೆ ಹೆಸರಿಡುವ ಜಗಳಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಅಕ್ಟೋಬರಿನಲ್ಲಿ ಹೊಸ ಕೂಟದ ಮೊದಲ ಪಂದ್ಯಾವಳಿ ನಮ್ಮ ಜಿಮ್ಮಿನಲ್ಲೇ ನಡೆಯಿತು. ಫೈನಲ್ಲಿಗೆ ಬಂದದ್ದು ನಾವು ಮತ್ತು ಓಸ್ಲರ್. ಐದನೇ ಸೆಟ್ಟಿನವರೆಗೂ ಎಳೆದು ಓಸ್ಲರ್ ಗೆದ್ದಿತು. ಆ ಶಾಲೆಗೆ ಯಾವ ಕೂಟದಲ್ಲೂ ಅದೇ ಮೊದಲ ಕಪ್.

ನಮ್ಮ ನಾಯಕಿ ಕೆಂಡ್ರಾ ಅಳುತ್ತಾ ಬಂದಳು. "ಕೋಚ್, ಅವರನ್ನ ಕರ್ಕೊಂಡ್ ಬಂದಿದ್ದೂ ನೀವೇ, ಈಗ ಕಪ್ ಕೊಟ್ಟಿದ್ದೂ ನೀವೇ."

"ಕೊಡಲಿಲ್ಲ ಕಣೇ, ಅವರು ಕಿತ್ಕೊಂಡ್ರು. ಕಣ್ಣೊರೆಸ್ಕೊ. ಹೋಗಿ ಕೈ ಕುಲುಕು."

ಕೂಟದ ಅಧ್ಯಕ್ಷೆಯಾಗಿ ಕಪ್ ಕೊಡಬೇಕಾದವರೂ ವರ್ಲಾ ಅವರೇ. ಟ್ರೂಡಿ ಮುಂದೆ ಬಂದು ಅವರನ್ನು ತಬ್ಬಿಕೊಂಡಳು. ಅಷ್ಟರಲ್ಲಿ ನಮ್ಮೂರಿನವರು, ಸೋತ ಊರಿನವರು, ಪ್ರೇಕ್ಷಕರ ಮೆಟ್ಟಿಲುಸಾಲುಗಳಿಂದ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಆ ದಿನ ಪ್ಲಮ್ ಫೋರ್ಕಿನವನು ಎಂದು ಹೇಳಿಕೊಳ್ಳಲು ನನಗೆ ಎಂದಿಲ್ಲದ ಹೆಮ್ಮೆಯಾಯಿತು.