ನಮಗಾಗಿ ಖಾಲಿ ಮಾಡಿಸಿದ ದಂಡೆ

ಬುಧವಾರ ಬೆಳಿಗ್ಗೆ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದೆ. ಹುಬ್ಬಳ್ಳಿಯಿಂದ ಮೈದುನ ಸಂಜೀವನ ಫೋನು.

“ವೈನಿ, ಈ ಶನಿವಾರ ರೆಡಿ ಇರ್ರಿ. ಕ್ಯಾರವಾನ್ ಬುಕ್ ಮಾಡೇನಿ!”

ಅದೇನೆಂದು ಕೇಳಿದೆ. ಗಾಲಿ ಮೇಲಿನ ಮನೆಯಂತೆ. ಒಳಗೇ ಹಾಸಿಗೆ, ಒಳಗೇ ಗ್ಯಾಸು, ಸಿಂಕು, ಫ್ರಿಜ್ಜು, ಸಂಡಾಸು. ನೀರಿನ ದಂಡೆಗೋ ಗುಡ್ಡದ ಬುಡಕ್ಕೋ ಒಯ್ದು ನಿಲ್ಲಿಸುವುದು, ಎರಡು ದಿನ ಹಕ್ಕಿ ನೋಡುತ್ತ ಕೂಡುವುದು. ಟೆನ್ಶನ್ನೆಲ್ಲ ಹೋಗುತ್ತದಂತೆ.

“ಹಕ್ಕಿ ನೋಡಾಕ ಮನೀನ ಹೊತಗೊಂಡ ಹೋಗಬೇಕೇನಪಾ?” ಎಂದೆ.

“ನಿಮಗ ಒಲೀ ಬಿಟ್ಟ ರೆಸ್ಟ್ ಸಿಗಲಿ ಅಂತ, ವೈನಿ.”

(ಆ ಗಾಡಿಯೊಳಗಿನ ಗ್ಯಾಸಿನ ಮುಂದೆ ಯಾರು ನಿಲ್ಲುತ್ತಾರೆಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.)

ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಸಂಜೀವನಿಗೆ ವಿಮಾ ಆಫೀಸಿನ ಟಾರ್ಗೆಟ್ಟಿನಿಂದ ಬಿಪಿ. ನಮ್ಮ ಯಜಮಾನರಿಗೆ ಕಚೇರಿಯ ಫೈಲುಗಳು ಊಟದ ತಾಟಿನವರೆಗೂ ಬರುತ್ತವೆ. ನಾನಂತೂ ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ದೇವರ ದರ್ಶನಕ್ಕಲ್ಲದೆ ಊರು ಬಿಟ್ಟವಳಲ್ಲ. ದೇವರೇ ಕೊಟ್ಟ ಎರಡು ದಿನ ಅಂದುಕೊಂಡೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡೆ. ಗಾಡಿಯ ಫ್ರಿಜ್ಜಿನ ಮೇಲೆ ದೇವರ ಫೋಟೊ ಇಟ್ಟು ಊದಿನಕಡ್ಡಿ ಹಚ್ಚಿದೆ. ಡ್ರೈವರು ಮುಖ ಕಿವಿಚಿದ.

ಮುಧೋಳ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಬೆನ್ನಿಗೆ ತೆವಳಿ, ಬೀಳಗಿ ಕಡೆಯ ಹಿನ್ನೀರಿನ ದಂಡೆ ಮುಟ್ಟಿದಾಗ ಹತ್ತೂವರೆ. ಏನು ನೀರು! ಕಣ್ಣು ಹಾಯುವವರೆಗೂ ನೀರು. ಆಚೆ ಉದ್ದ ಕಾಲಿನ ಗುಲಾಬಿ ಹಕ್ಕಿಗಳ ಹಿಂಡು. ಸಂಜೀವನ ಹೆಂಡತಿ ಶೈಲಾ ಮೊಬೈಲ್ ಹಿಡಿದು ಓಡಿದಳು. ನಾನು ಕೈ ಮುಗಿದೆ.

ಕೈ ಮುಗಿದು ಕೆಳಗೆ ನೋಡಿದೆ. ಅಲ್ಲಿಗೆ ನನ್ನ ಟ್ರಿಪ್ಪು ಮುಗಿಯಿತು.

ನೆಲದ ಮೇಲೆ ಮೂರು ಕಲ್ಲಿನ ಒಲೆ. ಒಂದಲ್ಲ, ಏಳೆಂಟು. ಬೂದಿ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ಗುಡಿಸಲಿನ ಗೂಟ ಕಿತ್ತ ಕುಳಿಗಳು. ಎತ್ತಿನ ಹಸಿ ಸಗಣಿ. ನಮ್ಮ ಗಾಡಿಯ ಹಿಂದಿನ ಗಾಲಿಯ ಪಕ್ಕ ಒಂದು ಕಡೆ ಮಾತ್ರ ನೆಲ ಒದ್ದೆ. ಅಲ್ಲೊಂದು ಚಪ್ಪಟೆ ಕಲ್ಲು, ಸುತ್ತ ಅರಿಶಿನದ ನೀರು, ಬೆಂದ ಬೇವಿನೆಲೆ. ಪಕ್ಕದಲ್ಲಿ ಅರೆಸುಟ್ಟ ಕುಳ್ಳು, ಅದರ ಮೇಲೆ ಅಜವಾನದ ಹೊಗೆಯ ವಾಸನೆ.

ಹೆತ್ತವರಿಗೆ, ಬಾಣಂತನ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಇಲ್ಲಿ ಬಾಣಂತಿ ಇದ್ದಳು. ಹಸಿ ಬಾಣಂತಿ. ಈ ಮುಂಜಾನೆಯಷ್ಟೇ ಅವಳಿಗೆ ಈ ಕಲ್ಲಿನ ಮೇಲೆ ನೀರು ಎರೆದಿದ್ದಾರೆ.

“ಇಲ್ಲಿ ಯಾರ ಇದ್ರಪಾ?” ಡ್ರೈವರನ್ನು ಕೇಳಿದೆ.

“ಕಬ್ಬ ಕಡಿಯೋ ಗ್ಯಾಂಗಿನವರ್ರಿ. ವ್ಯೂಗೆ ಅಡ್ಡ ಇದ್ರು. ನೀವ ಬರ್ತೀರಂತ ನಮ್ಮ ಆಫೀಸಿನವರು ಮುಂಜಾನೆ ಎಂಟಕ್ಕ ಎಬ್ಬಿಸಿ ಕಳಿಸ್ಯಾರ್ರಿ. ಇದಷ್ಟ ಕಸಾ ಉಳದೈತಿ, ಈಗ ಹೊಡಿಸ್ತೇನ್ರಿ.”

ಎಷ್ಟು ಹೆಮ್ಮೆಯಿಂದ ಹೇಳಿದ!

“ಬಾಣಂತೀನೂ ಎಬ್ಬಿಸಿದ್ರೇನು?”

“ಬಾಣಂತಿ ಅಂತ ಯಾರಿಗೆ ಗೊತ್ತರೀ ಅಕ್ಕಾರ? ಹೊದ್ದ ಮಲಗಿದ್ಲು.”

ಅವನು ತೋರಿಸಿದ ದಿಕ್ಕಿಗೆ ಶೈಲಾಳನ್ನು ಕರೆದುಕೊಂಡು ನಡೆದೆ. ಕಬ್ಬಿನ ಹೊಲದ ಬದುವಿಗೆ ಎತ್ತು ಬಿಚ್ಚಿದ ಬಂಡಿ ನಿಂತಿತ್ತು. ಬಂಡಿಯ ಕೆಳಗೆ, ಗಾಲಿಗೆ ಕಟ್ಟಿದ ಹಳೆ ಸೀರೆಯ ಮರೆಯಲ್ಲಿ ಆಕೆ. ಎದೆಗೆ ಒತ್ತಿಕೊಂಡ ಕೂಸು. ಉಳಿದವರೆಲ್ಲ ಕಡಿಯಲು ಹೋಗಿದ್ದರು. ಟ್ರ್ಯಾಕ್ಟರ್ ತುಂಬಬೇಕಲ್ಲ, ಗುಡಿಸಲು ಕಟ್ಟಲು ಪುರಸೊತ್ತೆಲ್ಲಿ? ಆಕೆಯ ಅತ್ತೆ ಒಬ್ಬಳೇ ಕಾವಲಿದ್ದಳು.

“ಎಷ್ಟ ದಿನಾ ಆತವ್ವಾ?”

“ಇವತ್ತಿಗೆ ಮೂರ್ರಿ.”

“ಎಬ್ಬಸಾಕ ಬಂದವರ ಕೂಡ ಜಗಳಾ ಮಾಡಬೇಕಿಲ್ಲೇನು?”

ಮುದುಕಿ ನಕ್ಕಳು. “ಜಗಳಾ ಮಾಡಾಕ ಅದೇನ ನಮ್ಮ ಮನೀ ಏನ್ರಿ?” ಆಮೇಲೆ ನಗು ನಿಂತಿತು. “ಸೋಮವಾರಕ್ಕ ಐದ ದಿನಾ ಆಗ್ತಾವ್ರಿ. ಕೂಸಿನ ಹಣೀಬರಾ ಬರ್ಯಾಕ ಸಟವಿ ತಾಯಿ ಬರ್ತಾಳ. ಹುಟ್ಟಿದ ಜಾಗಾಕ್ಕ ಬರ್ತಾಳೋ, ಇಲ್ಲಿಗೆ ಬರ್ತಾಳೋ? ನೀವ ತಿಳದಾವರು, ಹೇಳ್ರಿ.”

ಐದನೆಯ ದಿನದ ಪೂಜೆಯಾಗುವವರೆಗೆ ನಮ್ಮ ಮನೆಗಳಲ್ಲಿ ಬಾಣಂತಿ ಹೊಸಿಲು ದಾಟುವುದಿಲ್ಲ. ನನ್ನ ಎರಡೂ ಬಾಣಂತನದಲ್ಲಿ ನಮ್ಮವ್ವ ಕಿಟಕಿಯ ಸಂದಿಗೂ ಅರಿವೆ ತುರುಕಿದ್ದಳು. ಇಲ್ಲಿ ನನ್ನ ರೆಸ್ಟಿಗಾಗಿ ಒಬ್ಬಳನ್ನು ಬಯಲ ಗಾಳಿಗೆ ಎಳೆದು ಹಾಕಿದ್ದಾರೆ.

ನಮ್ಮ ಗಾಡಿಗೆ ಬಾ ಎಂದು ಕರೆದೆ. ಹಾಸಿಗೆ ಇದೆ, ಬಿಸಿನೀರು ಬರುತ್ತದೆ ಎಂದೆ. ಬಾಣಂತಿ ಆಗ ಬಾಯಿ ತೆರೆದಳು.

“ನಿಮ್ಮ ಗಾಡಿ ಬ್ಯಾಡ್ರಿ ಅಕ್ಕಾರ. ನಮ್ಮ ಜಾಗಾ ಬಿಡ್ರಿ, ಸಾಕು.”

ತಿರುಗಿ ಬಂದವಳೇ “ಗಾಡಿ ತಗೀರಿ ಇಲ್ಲಿಂದ” ಎಂದೆ.

ಯಜಮಾನರು ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದರು. “ನಾವೇನ ಎಬ್ಬಿಸೇವೇನ? ಎಬ್ಬಿಸಿದವರು ಬ್ಯಾರೆ. ಎರಡ ದಿನಾ ಸುಮ್ಮ ಕೂಡಾಕೂ ಬಿಡೂದಿಲ್ಲಲ್ಲ ನೀ.”

“ಯಾರ ಸಲುವಾಗಿ ಎಬ್ಬಿಸ್ಯಾರ? ನೀವ ಕೂಡ್ರಿ ಆರಾಮ. ನಾ ಇಲ್ಲಿ ಒಲೀ ಹಚ್ಚೂದಿಲ್ಲ, ಒಂದ ತುತ್ತ ತಿನ್ನೂದಿಲ್ಲ.”

ಹತ್ತು ನಿಮಿಷದಲ್ಲಿ ಗಾಡಿ ಹೊರಟಿತು. (ನಮ್ಮ ಮನೆಯ ಗಂಡಸರಿಗೆ ನ್ಯಾಯ ಹೊಟ್ಟೆಯ ಮೂಲಕ ಬೇಗ ತಿಳಿಯುತ್ತದೆ.)

ಎರಡು ದಿನ ರಸ್ತೆ ಬದಿಯ ಹನುಮಪ್ಪನ ಗುಡಿಯ ಪಕ್ಕ ಕಳೆದೆವು. ಹಕ್ಕಿ ಕಾಣಲಿಲ್ಲ, ಟ್ರ್ಯಾಕ್ಟರು ಕಂಡವು. ಶನಿವಾರ ಸಂಜೆ ದೂರದ ದಂಡೆಯ ಮೇಲೆ ಒಲೆಗಳ ಹೊಗೆ ಎದ್ದಿತು. ಅವರು ತಿರುಗಿ ಬಂದಿದ್ದರು. ಮಳೆ ಇಲ್ಲ. ಕೂಸು ಬೆಚ್ಚಗೆ ಹಾಲು ಕುಡಿಯುತ್ತಿರಬೇಕು. ಇಷ್ಟಾದರೂ ನಡೆಸಿಕೊಟ್ಟೆಯಲ್ಲಪ್ಪ ಎಂದು ಹನುಮಪ್ಪನಿಗೆ ದೀಪ ಹಚ್ಚಿದೆ.

ಇಷ್ಟಕ್ಕೇ ಮುಗಿದಿದ್ದರೆ ನಿಮ್ಮ ಮುಂದೆ ಇದನ್ನು ಹೇಳುತ್ತಲೇ ಇರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಮತ್ತೆ ಸಂಜೀವನ ಫೋನು. ದನಿಯಲ್ಲಿ ಹುರುಪು.

“ವೈನಿ, ಗಾಡಿ ಆಫೀಸಿನವರಿಗೆ ಛಲೋತಂಗ ಬೈದೇನ್ರಿ. ಕಬ್ಬಿನವರ ಸಲುವಾಗಿ ಟ್ರಿಪ್ ಹಾಳಾತು, ನಮ್ಮ ವೈನಿ ಊಟಾ ಬಿಟ್ರು ಅಂದೆ. ಸಾರಿ ಕೇಳ್ಯಾರ. ಇವತ್ತ ಮುಂಜಾನೆ ಜಾಗಾ ಪೂರ್ತಿ ಕ್ಲೀನ್ ಮಾಡಿಸ್ಯಾರಂತ. ಇನ್ನ ಅಲ್ಲಿ ಯಾರೂ ಬಂದ ಕೂಡೂದಿಲ್ಲಂತ!”

ಇವತ್ತು ಮುಂಜಾನೆ. ಐದನೆಯ ದಿನ.

ನಾನು ಊಟ ಬಿಟ್ಟದ್ದು ಯಾರಿಗಾಗಿ, ಅವರು ತಿಳಿದದ್ದು ಏನು! ಒಂದು ಸಲ ಎಬ್ಬಿಸಿದ್ದು ಆಫೀಸಿನವರು. ಎರಡನೆಯ ಸಲ ಎಬ್ಬಿಸಿದ್ದು ನನ್ನ ಉಪವಾಸ. ಸಂಜೀವನಿಗೆ ನಾನು ಅಂದದ್ದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ, ಬಿಡಿ.

ಯಜಮಾನರು ಎಲ್ಲ ಕೇಳಿಸಿಕೊಂಡರು. ಕಚೇರಿಗೆ ರಜೆ ಹೇಳಿ ಬೀಳಗಿ ಬಸ್ಸು ಹತ್ತಿದರು. ತಿರುಗಿ ಬಂದಾಗ ಸಂಜೆ. ಚಪ್ಪಲಿ ತುಂಬ ಕೆಂಪು ಮಣ್ಣು.

“ಸಿಕ್ಕರೇನು?”

“ಒಲೀ ಕಲ್ಲ ಸೈತ ಇಲ್ಲ. ಎತ್ತಿ ನೀರಿಗೆ ಒಗದಾರ.”

“ಹೊಲದ ಬದುವಿಗೆ?”

“ನೋಡಿದೆ. ಫ್ಯಾಕ್ಟರಿ ಗೇಟಿನ್ಯಾಗೂ ಕೇಳಿದೆ. ಅಂಥಾ ಗ್ಯಾಂಗ ಎಷ್ಟೋ ಅದಾವಂತ. ಯಾವ ಕಡೆ ಹೋದ್ರು ಯಾರಿಗೂ ಗೊತ್ತಿಲ್ಲ.” ನೀರು ಕುಡಿದು ಲೋಟ ಇಟ್ಟರು. “ಜಾಗಾ ಮಾತ್ರ ಭಾಳ ಸ್ವಚ್ಛ ಮಾಡ್ಯಾರ.”

ದುಡಿಯುವವರಿಗೆ ಎರಡು ದಿನ ಶಾಂತಿ ಬೇಕು, ಒಪ್ಪಿದೆ. ಮನೆ ನಡೆಸುವವರಿಗೂ ಬೇಕು. ಆದರೆ ಇದೆಂಥ ಶಾಂತಿ? ನಮ್ಮ ಸಕ್ಕರೆ ಡಬ್ಬಿ ತುಂಬಿಸುವ ಹೆಂಗಸು ಕಣ್ಣಿಗೆ ಬಿದ್ದರೆ ವ್ಯೂ ಕೆಡುತ್ತದೆಯೇ? ಗಾಲಿ ಮೇಲೆ ಸಂಸಾರ ಹೊತ್ತು ತಿಂಗಳುಗಟ್ಟಲೆ ಬಯಲಲ್ಲಿ ಬದುಕುವುದನ್ನು ಅವಳು ಯಾರಿಂದಲೂ ಬುಕ್ ಮಾಡಿಸಿಕೊಂಡಿಲ್ಲ. ನಾವು ಎರಡು ದಿನ ಅದೇ ಬದುಕನ್ನು ಮೆತ್ತನೆಯ ಹಾಸಿಗೆ ಹಾಕಿಕೊಂಡು ಆಡುತ್ತೇವೆ, ಅವಳನ್ನು ಎಬ್ಬಿಸಿ!

ಟ್ರಿಪ್ಪಿಗೆ ಒಯ್ದಿದ್ದ ಚಾದರಗಳು ಬಚ್ಚಲಲ್ಲಿ ಹಾಗೇ ಬಿದ್ದಿವೆ. ನೆನೆಹಾಕಲು ಏಳುತ್ತಿದ್ದೇನೆ. ನೀವು ಗಾಡಿ ಬುಕ್ ಮಾಡುವಾಗ ಹಾಸಿಗೆ ಎಷ್ಟು, ಎಸಿ ಇದೆಯೇ ಎಂದೆಲ್ಲ ಕೇಳುತ್ತೀರಲ್ಲ, ಇದೊಂದನ್ನೂ ಕೇಳಿ:

ನಿನ್ನೆಯವರೆಗೆ ಅಲ್ಲಿ ಯಾರಿದ್ದರು?