ಮಾಸ್ತರರ ಗಿಟಾರಿನೊಳಗಿನ ಸುರುಳಿ

ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಟ್ರ್ಯಾಕ್ಟರಿನ ಬೆಲೆ ಎಂದರೆ ನಮ್ಮ ಬೈಲಹೊಂಗಲದಲ್ಲಿ ಜನ ಮೊದಲು ನಗುತ್ತಾರೆ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ‘ಅಂಥಾದ್ದು ಏನ ಐತ್ರಿ ಅದರಾಗ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ನನ್ನ ತಲೆ ತಿನ್ನಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ಅದಕ್ಕೆ ಕಾರಣ ನಾನೇ ಮಾಡಿದ ಒಂದು ಕಳ್ಳ ಕೆಲಸ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಸೆಟ್ ಮೋಟಾರು ಬಿಚ್ಚಿ, ಹಳೆಯ ತಾಮ್ರ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಶ್ ಹೊಯ್ದು ಒಣಗಿಸಿ ಕೊಡುವುದು. ಮಲಪ್ರಭೆಯ ಕಾಲುವೆಗುಂಟ ಎಷ್ಟು ಮೋಟಾರು ಇವೆಯೋ ಅಷ್ಟೂ ಒಂದಲ್ಲ ಒಂದು ದಿನ ಸುಡಲೇಬೇಕು, ಹಾಗಾಗಿ ಕೈಗೆ ಎಂದೂ ಕೆಲಸ ತಪ್ಪಿಲ್ಲ. ಈ ಧಂದೆಯ ಜೊತೆಗೆ ನನಗೆ ಗಿಟಾರಿನ ಹುಚ್ಚು. ರಾಮದುರ್ಗದಲ್ಲಿ ಒಬ್ಬ ಮಾಸ್ತರರಿದ್ದರು, ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು, ಮದುವೆಯ ಸುಗ್ಗಿಯಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದರು. ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಸವದತ್ತಿಯ ಮೇಲೆ ಹಾಯ್ದು ಅವರಲ್ಲಿಗೆ ಕಲಿಯಲು ಹೋಗುತ್ತಿದ್ದೆ. ಅವರ ಬಳಿ ಇದ್ದದ್ದು ಅಮೆರಿಕದಲ್ಲಿ ತಯಾರಾದ ಗಿಟಾರು, ನನಗಿಂತ ವಯಸ್ಸಾದದ್ದು. ಅವರು ಹರೆಯದಲ್ಲಿದ್ದಾಗ ಬೆಳಗಾವಿಯ ಒಂದು ಹೋಟೆಲಿನಲ್ಲಿ ಬಾರಿಸುತ್ತಿದ್ದ ಗೋವಾದವರೊಬ್ಬರು ದೇಶ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಮಾಸ್ತರರು ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೆಂಡತಿಗೂ ಸಹ.

ಇಂಥ ಗಿಟಾರಿನ ಮರ್ಮ ಮೋಟಾರಿನವನಿಗೆ ಬೇಗ ತಿಳಿಯುತ್ತದೆ. ಉಕ್ಕಿನ ತಂತಿಗಳ ಕೆಳಗೆ ಒಂದು ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸಾವಿರಾರು ಸುತ್ತು. ತಂತಿ ಅದುರಿದರೆ ಆ ಸುರುಳಿಯಲ್ಲಿ ಕರೆಂಟು ಹುಟ್ಟಿ ಸ್ಪೀಕರಿಗೆ ಹೋಗುತ್ತದೆ. ಇದಕ್ಕೆ ಪಿಕಪ್ ಅನ್ನುತ್ತಾರೆ. ಮಾಸ್ತರರ ಗಿಟಾರಿಗೆ ಇದ್ದದ್ದು ಒಂದೇ ಪಿಕಪ್. ಕಿತ್ತೂರಿನಲ್ಲಿ ಒಂದು ಮದುವೆಯ ಕಾರ್ಯಕ್ರಮಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಅದು ಸತ್ತಿತು. ಮಾಸ್ತರರು ಮುಖ ಬಾಡಿಸಿಕೊಂಡು ಗಿಟಾರನ್ನು ಧೋತರದಲ್ಲಿ ಸುತ್ತಿ ನನ್ನ ಅಂಗಡಿಗೆ ತಂದರು.

‘ಲೇ ತಮ್ಮಾ, ಎಲ್ಲೆರೆ ವೈರ್ ಬಿಟ್ಟಿದ್ರ ಹಚ್ಚು. ಒಳಗಿನ ಸಾಮಾನಕ್ಕ ಕೈ ಹಚ್ಚಬ್ಯಾಡ. ಅದು ಅಮೆರಿಕಾದ್ದು. ಬದಲಿ ಮಾಡಿದೆಂದ್ರ ಅದರ ಜೀವಾನ ಹೋತು.’

ಬಿಚ್ಚಿ ಮೀಟರು ಹಚ್ಚಿದೆ. ಸುರುಳಿ ಒಳಗೇ ತುಂಡಾಗಿತ್ತು. ಹಸಿರು ಕಿಲುಬು ಹಿಡಿದು ಎಲ್ಲೆಲ್ಲೋ ಕಡಿದುಹೋಗಿತ್ತು. ಅದನ್ನು ಹಾಗೇ ಮರಳಿ ಕೊಟ್ಟಿದ್ದರೆ ಮಾಸ್ತರರು ಕಿತ್ತೂರಿನಲ್ಲಿ ಕೈಕಟ್ಟಿ ಕೂರಬೇಕಿತ್ತು. ನನಗೆ ವಯಸ್ಸು ಕಡಿಮೆ, ಸೊಕ್ಕು ಜಾಸ್ತಿ. ಪಂಪಿನ ಸ್ಟಾರ್ಟರಿನಲ್ಲಿ ಒಂದು ಸಣ್ಣ ಸುರುಳಿ, ಅಂದರೆ ಕಾಯಿಲ್, ಬರುತ್ತದೆ, ಅದರ ತಾಮ್ರ ಬಲು ತೆಳು. ಹೊಸದೊಂದನ್ನು ಬಿಚ್ಚಿ ಆ ಎಳೆಯನ್ನು ಮಾಸ್ತರರ ಆಯಸ್ಕಾಂತದ ಮೇಲೆ ಎರಡು ದಿನ ಕೂತು ಸುತ್ತಿದೆ. ಮೂರು ಸಲ ಹರಿಯಿತು, ಮೂರು ಸಲವೂ ಮೊದಲಿನಿಂದ ಸುತ್ತಿದೆ. ಹೆಂಡತಿ ಊಟಕ್ಕೆ ಕರೆದರೆ ಮೈಮೇಲೆ ಹೋಗುತ್ತಿದ್ದೆ. ಕೊನೆಗೆ ವಾರ್ನಿಶ್ ಹಚ್ಚಿ, ಒಣಗಿಸಿ, ಮುಚ್ಚಿ, ‘ಒಂದು ಬೆಸುಗಿ ಬಿಟ್ಟಿತ್ರಿ ಸರ, ಹಚ್ಚೇನಿ’ ಎಂದು ಕೊಟ್ಟುಬಿಟ್ಟೆ.

ಮಾಸ್ತರರು ಅಂಗಡಿಯಲ್ಲೇ ಒಂದು ಸ್ವರ ಮೀಟಿದರು. ಕಣ್ಣು ಮುಚ್ಚಿದರು. ‘ನೋಡಿದೇನು? ಇದಕ್ಕ ಅಂತಾರ ಅಮೆರಿಕಾದ ಧ್ವನಿ’ ಎಂದರು.

ಆ ಮಾತು ಕೇಳಿ ನನಗೆ ನಗು ಬಂತೋ, ಹೆಮ್ಮೆ ಬಂತೋ, ಹೆದರಿಕೆ ಬಂತೋ ಇವತ್ತಿಗೂ ಹೇಳಲಾರೆ. ಮೂರೂ ಒಟ್ಟಿಗೇ ಬಂದಿರಬೇಕು. ಅಂದಿನಿಂದ ಹೊಸ ಶಿಷ್ಯ ಯಾರೇ ಬರಲಿ, ಮಾಸ್ತರರು ಆ ಗಿಟಾರು ತೆಗೆದು ಒಂದು ಸ್ವರ ಮೀಟಿ ಇದೇ ಮಾತು ಹೇಳುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಕಾಲಿನ ಉಗುರು ನೋಡುತ್ತಿದ್ದೆ.

ಆಗಿನಿಂದ ನನಗೆ ತಪಾಸಣೆಯ ಚಟ ಹತ್ತಿತು. ಬೆಲೆ ಎಲ್ಲಿ ಕೂತಿದೆ? ಕಟ್ಟಿಗೆಯಲ್ಲೋ, ತಾಮ್ರದಲ್ಲೋ, ಹೆಸರಿನಲ್ಲೋ? ಒಮ್ಮೆ ಹಳೆಯ ಬಾಗಿಲಿನ ತೇಗದ ಪಟ್ಟಿಗೆ ತಂತಿ ಬಿಗಿದು, ನನ್ನ ಅಗ್ಗದ ಗಿಟಾರಿನ ಪಿಕಪ್ ಕೂರಿಸಿ ನೋಡಿದೆ. ಥೇಟ್ ಗಿಟಾರಿನ ಹಾಗೇ ನುಡಿಯಿತು. ಬೇವಿನ ಹಲಗೆಗೆ ಹಾಕಿದೆ, ಅದೂ ನುಡಿಯಿತು. ಕೊನೆಗೆ ಮಂಚದ ಪಟ್ಟಿಗೇ ತಂತಿ ಬಿಗಿದಾಗ ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಏನ್ರಿ, ಇವತ್ತ ರಾತ್ರಿ ಮಲಗೂದೋ, ಬಾರಸೂದೋ?’

ಹಾಗಂತ ಬೆಲೆಯೆಲ್ಲ ಸುಳ್ಳು ಎಂದು ಎದೆ ತಟ್ಟಿ ಹೇಳಲೂ ಆಗಲಿಲ್ಲ. ಹುಬ್ಬಳ್ಳಿಯ ಒಂದು ವಾದ್ಯದಂಗಡಿಯಲ್ಲಿ ಗಾಜಿನ ಕಪಾಟಿನೊಳಗಿಟ್ಟ ಭಾರಿ ಬೆಲೆಯ ಗಿಟಾರನ್ನು ಕಾಡಿ ಬೇಡಿ ಕೈಗೆ ತೆಗೆದುಕೊಂಡೆ. ಅಬ್ಬಾ! ಹಿಡಿಕೆ ಅಂಗೈಗೆ ಬಂದು ತಾನೇ ಕೂತಿತು. ನನ್ನ ಅಗ್ಗದ ಗಿಟಾರಿನ ಅಂಚು ಬೆರಳನ್ನು ಗೀರುತ್ತದೆ, ಇದು ಬೆಣ್ಣೆ. ಅರ್ಧ ತಾಸು ಬಾರಿಸಿದರೂ ಶ್ರುತಿ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಇಷ್ಟಕ್ಕೆ ಹೆಚ್ಚು ದುಡ್ಡು ಕೊಡುವುದು ನ್ಯಾಯವೇ ಎನ್ನಿಸಿತು. ಆದರೆ ಅಷ್ಟೊಂದು? ಕಣ್ಣು ಮುಚ್ಚಿ ಕೇಳಿದರೆ ನನಗಂತೂ ಧ್ವನಿಯಲ್ಲಿ ಅಷ್ಟು ದೊಡ್ಡ ಅಂತರ ಸಿಗಲಿಲ್ಲ. ಅಥವಾ ನನ್ನ ಕಿವಿಗೇ ಅಷ್ಟು ಯೋಗ್ಯತೆ ಇಲ್ಲವೋ ಏನೋ. ಮಾಸ್ತರರ ಕಿವಿ ದೊಡ್ಡದು ಎಂದು ನಂಬಿದ್ದವನು ನಾನು, ಆ ಕಿವಿಯನ್ನೇ ಮೋಸಗೊಳಿಸಿದವನೂ ನಾನೇ.

ಹೋದ ವರ್ಷ ಮಾಸ್ತರರಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ನೆನಪು ಉಳಿಯಿತು, ಎಡಗೈ ಹೋಯಿತು. ಗಿಟಾರಿನವನಿಗೆ ಎಡಗೈ ಹೋದರೆ ಇನ್ನೇನು ಉಳಿಯಿತು ಹೇಳಿ. ಕೆಲವು ತಿಂಗಳು ಪೆಟ್ಟಿಗೆಯನ್ನೇ ನೋಡುತ್ತ ಕೂತವರು ಕಡೆಗೆ, ಬಾರಿಸುವವರ ಕೈಗೆ ಹೋಗಲಿ ಎಂದು ಮಾರಲು ಒಪ್ಪಿದರು. ಶಿಷ್ಯರೊಬ್ಬರು ಮೊಬೈಲಿನಲ್ಲಿ ಫೋಟೊ ಹಾಕಿದ್ದೇ ತಡ, ಪುಣೆಯಲ್ಲಿ ಹಳೆಯ ಗಿಟಾರುಗಳ ವ್ಯಾಪಾರ ಮಾಡುವವರೊಬ್ಬರು ಫೋನು ಮಾಡಿದರು. ಮೂಲ ಬೆಳಗಾವಿಯವರಂತೆ. ಎಲ್ಲ ಸಾಮಾನೂ ಮೂಲದ್ದೇ ಆಗಿದ್ದರೆ ಟ್ರ್ಯಾಕ್ಟರಿನ ಬೆಲೆ ಕೊಡುತ್ತೇನೆ, ಬಂದು ಬಿಚ್ಚಿ ನೋಡುತ್ತೇನೆ ಎಂದರು.

ಮಾಸ್ತರರು ನನಗೆ ಫೋನು ಮಾಡಿದರು. ‘ಗುರುವಾರ ಬಾರೊ. ಅವರು ಬಿಚ್ಚಿ ನೋಡ್ತಾರಂತ. ನಲವತ್ತ ವರ್ಷದಿಂದ ನಾ ಹೇಳಿದ್ದು ಖರೇ ಐತಿ ಅಂತ ಹೊರಗಿನವರೊಬ್ಬರು ಹೇಳೂದು ನಾ ಕೇಳಬೇಕು. ನೀನೂ ಕೇಳಬೇಕು.’

ರೊಕ್ಕದ ಮಾತೇ ಆಡಲಿಲ್ಲ ಅವರು. ಆದರೆ ಗಿಟಾರಿನೊಳಗೆ ಬರೀ ನನ್ನ ತಾಮ್ರವಿರಲಿಲ್ಲ, ನನ್ನ ಅಕ್ಷರವೂ ಇತ್ತು. ನಮ್ಮ ಕಡೆ ವೈಂಡಿಂಗ್ ಮಾಡಿದವರು ಸುತ್ತಿನ ಲೆಕ್ಕ ಮತ್ತು ಅಂಗಡಿಯ ಗುರುತನ್ನು ಕೆಂಪು ಬಣ್ಣದಲ್ಲಿ ಒಳಗೆ ಬರೆದಿಡುತ್ತೇವೆ. ಮುಂದೆ ಬಿಚ್ಚುವವನು ಮೊದಲಿನಿಂದ ಎಣಿಸುತ್ತ ಕೂರಬಾರದು ಎಂದು. ಸಾವಿರ ಮೋಟಾರಿಗೆ ಬರೆದ ಕೈ ಅದು, ಕಳ್ಳ ಕೆಲಸ ಮಾಡುವಾಗಲೂ ಸುಮ್ಮನಿರಲಿಲ್ಲ. ಪಿಕಪ್ಪಿನ ತಳಕ್ಕೆ ‘ಸುತ್ತು ೫೪೦೦’ ಎಂದು ಬರೆದು, ಕೆಳಗೆ ನನ್ನ ಅಂಗಡಿಯ ಗುರುತು ಹಾಕಿ, ಅದು ಒಣಗಿದ ಮೇಲೇ ಮುಚ್ಚಿದ್ದೆ. ಜಗತ್ತಿನಲ್ಲಿ ಇಂಥ ಶಾಣ್ಯಾ ಕಳ್ಳ ಇನ್ನೊಬ್ಬನಿರಲಿಕ್ಕಿಲ್ಲ.

ಗುರುವಾರ ಸವದತ್ತಿಗೆ ಹೋಗಿ ರಾಮದುರ್ಗದ ಬಸ್ಸು ಹಿಡಿದೆ. ಸಿರಸಂಗಿ ದಾಟಿತು, ಸಾಲಹಳ್ಳಿ ದಾಟಿತು. ಫೋನು ಮಾಡಿ ಜ್ವರ ಅನ್ನಲೇ ಎಂದು ಎರಡು ಸಲ ಮೊಬೈಲು ತೆಗೆದೆ. ಆದರೆ ನಾನು ಇಲ್ಲದಾಗ ಆ ಕೆಂಪು ಅಕ್ಷರ ಹೊರಬಿದ್ದರೆ ಇನ್ನೂ ಕೆಟ್ಟದ್ದು. ಗುರು ಎಂದು ಕಾಲು ಮುಟ್ಟಿದವರ ಮುಖವನ್ನು ಮತ್ತೆ ನೋಡುವ ಹಕ್ಕು ಇರುತ್ತದೋ ಇಲ್ಲವೋ ಎನ್ನುವುದಷ್ಟೇ ತಲೆಯಲ್ಲಿತ್ತು.

ಪುಣೆಯವರು ಆಗಲೇ ಬಂದು ಕೂತಿದ್ದರು. ಮಾತಿನಲ್ಲಿ ಅರ್ಧ ಮರಾಠಿ, ಒಳ್ಳೆಯ ಮನುಷ್ಯ. ಮಾಸ್ತರರ ಹೆಂಡತಿ ಚಹಾ ತಂದಿಟ್ಟರು. ಪುಣೆಯವರು ಮೊದಲು ಗಿಟಾರನ್ನು ಸ್ಪೀಕರಿಗೆ ಹಚ್ಚಿ ಬಾರಿಸಿದರು. ತಲೆದೂಗಿದರು. ‘ಅರೆ ವಾ! ಆ ಕಾಲದ ಕಾಯಿಲ್ ಅಂದ್ರ ಹಿಂಗ ನೋಡ್ರಿ. ಈಗ ಇಂಥಾ ಧ್ವನಿ ಸಿಗೂದಿಲ್ಲ.’

ಮಾಸ್ತರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಚಹಾದೊಳಗೆ ಮುಖ ಹಾಕಿದೆ. ಆದರೂ ನನ್ನ ಹಾಳು ಕುತೂಹಲ ಸುಮ್ಮನಿರಬೇಕಲ್ಲ.

‘ಹಳೇದಕ್ಕ ಇಷ್ಟ ಬೆಲಿ ಯಾಕ್ರಿ? ಧ್ವನಿಗೇನ್ರಿ?’ ಎಂದೆ.

‘ಖರೇ ಹೇಳ್ಲ್ಯಾ?’ ಎಂದು ಅವರು ಗಿಟಾರನ್ನು ತೊಡೆಯ ಮೇಲೆ ಮಗುಚಿದರು. ‘ಧ್ವನಿಗೆ ಸ್ವಲ್ಪ. ಹೆಸರಿಗೆ ಸ್ವಲ್ಪ. ಉಳಿದದ್ದೆಲ್ಲಾ ಯಾರೂ ಕೈ ಹಚ್ಚಿಲ್ಲ ಅನ್ನೂದಕ್ಕ. ಕಾರಖಾನಿಯಿಂದ ಹೆಂಗ ಬಂತು, ಹಂಗ ಇರಬೇಕು. ಒಂದು ಸ್ಕ್ರೂ ಬದಲಾದ್ರೂ ಬೆಲಿ ಬೀಳತೈತಿ.’

ನನಗೆ ಇದು ವಿಚಿತ್ರ ಅನ್ನಿಸಿತು. ನಮ್ಮ ಕಡೆ ರೈತರು ಹಳೆಯ ಮೋಟಾರು ಕೊಳ್ಳುವಾಗ ಮೊದಲು ಕೇಳುವುದೇ ‘ಯಾರ ಕೈಯಾಗ ವೈಂಡಿಂಗ್ ಆಗೇತಿ?’ ಎಂದು. ಒಳ್ಳೆಯ ಕೈ ಬಿದ್ದಿದ್ದರೆ ನೂರು ರೂಪಾಯಿ ಜಾಸ್ತಿಯೇ ಕೊಡುತ್ತಾರೆ. ಇವರ ಪೇಟೆಯಲ್ಲಿ ಕೈ ಬಿದ್ದರೆ ಬೆಲೆ ಹೋಗುತ್ತದೆ. ಯಾವುದು ಸರಿ ಎಂದು ಇನ್ನಷ್ಟು ಕೇಳುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವರು ಚೀಲದಿಂದ ಸ್ಕ್ರೂಡ್ರೈವರು ತೆಗೆದು ಮೊದಲ ಸ್ಕ್ರೂ ಬಿಚ್ಚಿದರು. ಎರಡನೆಯದನ್ನೂ ಬಿಚ್ಚಿದರು.

‘ತಡೀರಿ’ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ‘ಸರ, ಅದರಾಗಿನ ಕಾಯಿಲ್ ಅಮೆರಿಕಾದ್ದಲ್ರಿ. ಪಂಪಿನ ಸ್ಟಾರ್ಟರಿನ ತಾಮ್ರಾ ತಗೊಂಡು ನಾ ಸುತ್ತಿದ್ದು. ಕಿತ್ತೂರ ಮದುವಿ ಮುಂದ. ಬೆಸುಗಿ ಬಿಟ್ಟಿತ್ತು ಅಂತ ಸುಳ್ಳ ಹೇಳಿದ್ನಿರಿ.’

ಪುಣೆಯವರು ಉಳಿದ ಸ್ಕ್ರೂ ಬಿಚ್ಚಿ, ಪಿಕಪ್ಪನ್ನು ಹೊರಗೆಳೆದು, ಮಗುಚಿ ನೋಡಿದರು. ಕೆಂಪು ಬಣ್ಣ ನಿನ್ನೆ ಬರೆದ ಹಾಗೆ ಹೊಳೆಯುತ್ತಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ‘ಬಾಪ್ ರೇ! ಪಂಪಿನ ತಾಮ್ರಾ? ನಾನೂ ಮೋಸ ಹೋದ್ನಲ್ಲ!’ ಎಂದರು. ಆಮೇಲೆ ಮಾಸ್ತರರ ಮುಖ ನೋಡಿ ನಗು ನುಂಗಿದರು.

ಮಾಸ್ತರರು ಬಲಗೈ ಚಾಚಿ ಪಿಕಪ್ಪನ್ನು ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದರು.

‘ನಿನ್ನ ಅಕ್ಷರನ?’

‘ಹೌದ್ರಿ.’

‘ಇಪ್ಪತ್ತ ವರ್ಷ ಆತಲ್ಲೊ. ಒಂದ ಸರ್ತೆರೆ ಹೇಳಬೇಕು ಅನಸಲಿಲ್ಲ?’

‘ಪ್ರತಿ ರವಿವಾರ ಅನಸ್ತಿತ್ರಿ. ನೀವು ಬಾರಿಸಿ ಕಣ್ಣ ಮುಚ್ಚತಿದ್ರಿ. ಆಮ್ಯಾಲೆ ಬಾಯಿ ಬರ್ತಿರಲಿಲ್ಲ.’

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ‘ಎಷ್ಟ ಮಂದಿ ಮುಂದ ಹೇಳಿದ್ನೊ ನಾನು’ ಎಂದರು, ತಮಗೇ ಹೇಳಿಕೊಂಡ ಹಾಗೆ. ‘ಎಷ್ಟ ಮಂದಿ ಹುಡುಗೂರ ಮುಂದ. ನನ್ನ ಕಿವಿ ಮ್ಯಾಲೆ ನನಗ ಭಾಳ ಸೊಕ್ಕಿತ್ತು.’ ಒಳಗಿಂದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು. ಮಾಸ್ತರರು ಬೈದಿದ್ದರೆ, ಎದ್ದು ಹೋಗು ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಇಷ್ಟು ದೊಡ್ಡವನಾಗಿ ನಾನು ಅಳಲು ಶುರುಮಾಡಿದೆ, ಪರರ ಮುಂದೆ, ನಾಚಿಕೆಯಿಲ್ಲದೆ.

ಪುಣೆಯವರು ಮೆಲ್ಲಗೆ ಹೇಳಿದರು, ‘ಕಟಗಿ, ಹಿಡಿಕಿ ಎಲ್ಲಾ ಮೂಲದ್ದ ಐತಿ. ಕಾಯಿಲ್ ಒಂದು ನಾ ಬದಲಿ ಹಾಕ್ಕೋತೇನಿ. ಮೊದಲ ಹೇಳಿದ್ದರಾಗ ಅರ್ಧಾ ಕೊಡಬಹುದ್ರಿ. ಏನಂತೀರಿ?’

ಮಾಸ್ತರರು ಗೋಡೆಯಿಂದ ಮುಖ ತಿರುಗಿಸಿ, ಬೆರಳಿನಿಂದ ನನ್ನನ್ನು ತೋರಿಸಿದರು.

‘ಕಟಗಿ ನಂದು. ಧ್ವನಿ ಇವಂದು. ಇವನ್ನ ಕೇಳ್ರಿ.’

ಪುಣೆಯವರು ನನ್ನ ಕಡೆ ತಿರುಗಿದರು. ಅವರು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಮಾಸ್ತರರೂ ಕಾಯುತ್ತಿದ್ದರು.

‘ಕೊಡೂದಿಲ್ರಿ’ ಎಂದೆ.

‘ಕೇಳಿದ್ರಲ್ಲ’ ಎಂದರು ಮಾಸ್ತರರು ಅವರಿಗೆ. ನನಗೆ, ‘ಕಣ್ಣ ಒರಸಿಕೊ. ಮೊದಲಿನಂಗ ಕೂಡಸು ಅದನ್ನ. ಇನ್ನ ರವಿವಾರಕ್ಕೊಮ್ಮೆ ಬಂದು ನೀನ ಬಾರಸಬೇಕು, ನಾ ಕೇಳಾಂವ. ನಾ ಸಾಯೂತನಕ. ಇದು ನಿನಗ ಶಿಕ್ಷಾ’ ಎಂದರು.

ಪುಣೆಯವರು ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು. ಪಿಕಪ್ಪನ್ನು ಜಾಗಕ್ಕೆ ಕೂರಿಸಿದೆ. ಸಾವಿರ ಮೋಟಾರು ಬಿಚ್ಚಿ ಜೋಡಿಸಿದ ಕೈಯಿಂದ ಅಂದು ಸ್ಕ್ರೂ ತೂತಿಗೆ ಹತ್ತಲೊಲ್ಲದು, ಗಿಟಾರು ತೊಡೆಯ ಮೇಲೆ ಜಾರುತ್ತಿತ್ತು. ಮಾಸ್ತರರು ಕುರ್ಚಿಯಿಂದ ಬಾಗಿ, ಇದ್ದ ಒಂದೇ ಕೈಯಿಂದ ಅದನ್ನು ಅಲುಗದಂತೆ ಹಿಡಿದುಕೊಂಡರು.