ಬಾಗಿಲು ಹೊತ್ತವನಿಗೆ ನಾನು ಹೇಳಿದ ಅರ್ಥ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಡುವೆಯೇ ಎದ್ದು ಹೋಗುತ್ತಿದ್ದವನು ನಾನು. ಸಂಪಗಾಂವದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಯಾರ ಮೈಮೇಲಾದರೂ ದೇವರು ಬಂತೆಂದರೆ, ‘ಮುಂಜಾನೆ ಏನು ತಿಂದಿದ್ದಾರೆ ಕೇಳಿ’ ಅನ್ನುತ್ತಿದ್ದೆ. ಹೊರಡುವ ಹೊತ್ತಿಗೆ ಹಲ್ಲಿ ಲೊಚಗುಟ್ಟಿತೆಂದು ನಮ್ಮವ್ವ ತಡೆದರೆ, ಹಲ್ಲಿ ಯಾಕೆ ಸದ್ದು ಮಾಡುತ್ತದೆಂದು ಆಕೆಗೆ ಪಾಠ ಮಾಡಿ, ಬೈಸಿಕೊಂಡು, ಬಸ್ಸನ್ನೂ ತಪ್ಪಿಸಿಕೊಳ್ಳುತ್ತಿದ್ದೆ. ಈಗಲೂ ನಾನು ಬಹಳ ಬದಲಾಗಿಲ್ಲ. ಒಂದೇ ಒಂದು ಸಂಗತಿಯ ಮುಂದೆ ಮಾತ್ರ ನನ್ನ ವಿಜ್ಞಾನ ಬಾಲ ಮಡಚಿಕೊಂಡು ಕೂತಿದೆ. ಅದು ನಡೆದದ್ದು ಹಾಡಹಗಲು. ಅದರಲ್ಲಿ ದೆವ್ವವೂ ಇಲ್ಲ, ಹುಣಸೆಮರವೂ ಇಲ್ಲ. ಇರುವುದು ಯಾರದೋ ಮದುವೆಯ ಒಂದು ಸೀಡಿ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಸವದತ್ತಿಯಲ್ಲಿ ದಸ್ತಗೀರಸಾಬ ಎಂಬ ಪೇಂಟರ್ ಇದ್ದರು. ಮೊದಲು ಟ್ರ್ಯಾಕ್ಟರ್‌ಗಳ ಮೇಲೆ ಹೆಸರು ಬರೆಯುತ್ತಿದ್ದವರು, ಆಮೇಲೆ ಕಂಪ್ಯೂಟರ್ ತಂದು ಮದುವೆಗಳ ವಿಡಿಯೋ ಶೂಟಿಂಗ್, ಮಿಕ್ಸಿಂಗ್ ಶುರುಮಾಡಿದರು. ಎಲ್ಲರೂ ಮಾಡುವ ಕೆಲಸವೇ. ಆದರೆ ಈ ಪುಣ್ಯಾತ್ಮರಿಗೆ ಒಂದು ಚಟ. ಸೀಡಿಯ ಕೊನೆಯಲ್ಲಿ ಜಾಗ ಉಳಿದರೆ ಅದನ್ನು ಖಾಲಿ ಬಿಡಲು ಮನಸ್ಸಾಗದೆ, ತಾವೇ ಕಟ್ಟಿ, ಕೀಬೋರ್ಡ್ ನುಡಿಸಿ ಹಾಡಿದ ಹಾಡಿಗೆ ತಾವೇ ಬರೆದ ಗೊಂಬೆಗಳನ್ನು ಕುಣಿಸಿ, ತುಂಬಿ ಕೊಡುತ್ತಿದ್ದರು. ಯಾರೂ ಕೇಳಿರಲಿಲ್ಲ. ಅಕ್ಕಿಕಾಳು ಬಿತ್ತು, ಬುಂದೆಯ ಊಟವಾಯಿತು, ಮದುಮಗಳು ಅತ್ತಳು, ಇನ್ನೇನು ಟೀವಿ ಆರಿಸಬೇಕು ಅನ್ನುವಷ್ಟರಲ್ಲಿ ಕೈಗಡಿಯಾರ ಕಟ್ಟಿಕೊಂಡ ಎಮ್ಮೆಯೊಂದು ಬಸ್ಸಿಗೆ ಕಾಯುತ್ತ ನಿಂತಿರುತ್ತಿತ್ತು.

ಇಂಥವು ಆರೇಳು ಇದ್ದವು. ಎಲ್ಲಕ್ಕಿಂತ ಹೆಸರಾದದ್ದು ಬಾಗಿಲು ಹೊತ್ತವನದು. ಒಬ್ಬ ಮನುಷ್ಯ ಬೆನ್ನ ಮೇಲೆ ದೊಡ್ಡದೊಂದು ಬಾಗಿಲು ಹೊತ್ತು ನಡೆಯುತ್ತಾನೆ. ‘ಬಾಗಿಲಾ ಹೊತಗೊಂಡು ಬಂದೇನಿ, ಮನಿ ಎಲ್ಲೈತಿ ಹೇಳ್ರಿ’ ಎಂದು ಬಾವಿಯನ್ನು ಕೇಳುತ್ತಾನೆ. ಬಾವಿ ಎದ್ದು ನಡೆದು ಹೋಗುತ್ತದೆ. ಕೋಳಿಯನ್ನು ಕೇಳುತ್ತಾನೆ. ಕೋಳಿ ತತ್ತಿ ಇಡುತ್ತದೆ, ತತ್ತಿ ಒಡೆದು ಒಬ್ಬ ಮುದುಕ ಬಂದು ‘ಮುಂದ ಹೋಗ್ರಿ’ ಅನ್ನುತ್ತಾನೆ. ಕೊನೆಗೆ ಬಯಲಲ್ಲಿ ಬಾಗಿಲು ನಿಲ್ಲಿಸಿ, ತೆರೆದು ಒಳಗೆ ಹೋಗುತ್ತಾನೆ. ಆಚೆ ಕಡೆಯಿಂದ ಒಂದು ಕರು ಹೊರಬರುತ್ತದೆ. ಮುಗಿಯಿತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವಂತೆ ಉದ್ದಕ್ಕೂ ಅದೊಂದೇ ಸಾಲು.

ನಮ್ಮ ಕಡೆಯ ಜನರಿಗೆ ಪದ ಕೇಳಿ ಸುಮ್ಮನಿರುವ ಅಭ್ಯಾಸವಿಲ್ಲ. ಸೋಮವಾರ ಭಜನೆಗೆ ಕೂತರೆ ಒಂದು ತತ್ವಪದ ಹಾಡಿ, ತಾಳ ಕೆಳಗಿಟ್ಟು, ಅದರ ಒಳಗಿನ ಅರ್ಥ ಬಿಡಿಸದೆ ಯಾರೂ ಏಳುವುದಿಲ್ಲ. ಆ ಚಾಳಿ ದಸ್ತಗೀರಸಾಬರ ಬಾಗಿಲಿಗೂ ತಗುಲಿಕೊಂಡಿತು. ಯಾರದೋ ಮದುವೆಯ ಸೀಡಿ ಊರೂರು ತಿರುಗಿತು. ಅದರಲ್ಲಿರುವ ಗಂಡಹೆಂಡಿರು ಯಾರೆಂದು ಕೇಳುವವರಿಲ್ಲ, ಅವರನ್ನು ಓಡಿಸಿ ಓಡಿಸಿ ಸೀದಾ ಬಾಗಿಲಿಗೆ ಬರುವುದು. ಕಿತ್ತೂರಿನವರು ಅದು ಕೋಟೆಯ ಬಾಗಿಲೇ ಅಂದರು. ಅವರಿಗೆ ಎಲ್ಲವೂ ಕೋಟೆಯೇ. ರಾಮದುರ್ಗದ ನೇಕಾರರು ಅದು ಬಾಗಿಲೇ ಅಲ್ಲ, ಮಗ್ಗ ಅಂದರು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡು ಪಾಳಿಗೆ ಕಾಯುವವರು, ‘ಇದು ನಮ್ಮದ ಕಥಿ, ಗೇಟಿನತನಕ ಹೊತಗೊಂಡ ಹೋದ್ರೂ ಒಳಗ ಬಿಡೂದಿಲ್ಲ’ ಅಂದರು. ಒಂದೆರಡು ಕಡೆ ಇದೇ ವಿಷಯಕ್ಕೆ ಮಾತು ಕೈ ಕೈ ಮಿಲಾಯಿಸುವವರೆಗೂ ಹೋಯಿತು. ಸವದತ್ತಿಗೆ ಹೋಗಿ ಕೇಳಿದವರಿಗೆಲ್ಲ ದಸ್ತಗೀರಸಾಬರದು ಒಂದೇ ಉತ್ತರ, ‘ನಿಮಗ ಹಂಗ ಕಂಡ್ರ ಹಂಗ್ರಿ.’ ಹಾಗಾಗಿ ಹೋದವರೆಲ್ಲ ತಾವೇ ಗೆದ್ದೆವೆಂದು ತಿಳಿದು ಮರಳುತ್ತಿದ್ದರು.

ಬೈಲಹೊಂಗಲದಲ್ಲಿ ಈ ಅರ್ಥ ಬಿಡಿಸುವವರಿಗೆಲ್ಲ ಹಿರಿಯರು ಬಸಲಿಂಗಪ್ಪನವರು. ಅರಳೆಯ ವ್ಯಾಪಾರಿ, ಭಜನೆಯ ಮೇಳಕ್ಕೆ ಮುಖ್ಯಸ್ಥ. ಬಾಗಿಲೆಂದರೆ ದೇಹ, ಬಾವಿಯೆಂದರೆ ಆಸೆ, ಕೋಳಿಯೆಂದರೆ ಮಾಯೆ, ಕರುವೆಂದರೆ ಮರುಜನ್ಮ ಎಂದು ಅವರ ತೀರ್ಮಾನ. ತತ್ತಿಯ ಮುದುಕ ಬಂದಾಗ ಮಾತ್ರ ಅವರಿಗೆ ಅಡಿಕೆ ಕತ್ತರಿಸುವ ನೆನಪಾಗುತ್ತಿತ್ತು. ಬಸಲಿಂಗಪ್ಪನವರಿಗೆ ಮಗಳಿಲ್ಲದಿದ್ದರೆ ನಾನು ಈ ಗದ್ದಲದಲ್ಲಿ ಬೀಳುವ ಕಾರಣವೇ ಇರಲಿಲ್ಲ.

ಕನ್ಯೆ ನೋಡಲು ಅವ್ವನ ಜೊತೆ ಹೋಗಿದ್ದೆ. ಸುವರ್ಣಾ ಅವಲಕ್ಕಿಯ ತಾಟು ತಂದಳು. ಅದಕ್ಕೂ ಮುಂಚೆ ನಾಲ್ಕು ಮನೆಯ ಅವಲಕ್ಕಿ ತಿಂದಿದ್ದೆ, ಯಾವುದೂ ಗಂಟಲಲ್ಲಿ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿತು. ಆಕೆ ಚೆಲುವೆ ಎಂಬುದಷ್ಟೇ ಅಲ್ಲ, ಅಪ್ಪ ಮಾಯೆಯ ಬಗ್ಗೆ ಹೇಳುವಾಗ ನಗು ತಡೆಯಲು ಕೆಳತುಟಿ ಕಚ್ಚಿ ಹಿಡಿದಿದ್ದಳು. ನನಗೂ ಅದೇ ಜಾಗದಲ್ಲಿ ನಗು ಬಂದಿತ್ತು. ಆದರೆ ಈ ಮನೆಯಲ್ಲಿ ನನ್ನ ಲಗ್ನವನ್ನು ಅದೇ ಬಾಗಿಲು ಹೊತ್ತವನ ಅರ್ಥಕ್ಕೆ ಕಟ್ಟಿಹಾಕಲಾಗಿದೆ ಎಂದು ಗೊತ್ತಾಗಲು ತಡವಾಗಲಿಲ್ಲ. ಬಸಲಿಂಗಪ್ಪನವರು ಟೀವಿ ಹಚ್ಚಿದರು. ಚಹಾದ ಕಪ್ಪು ಇಡಲು ಬಗ್ಗಿದ ಸುವರ್ಣಾ ನನಗಷ್ಟೇ ಕೇಳುವಂತೆ ಅಂದಳು, “ಇದಕ್ಕ ಅರ್ಥ ಇಲ್ಲ ಅಂತ ಅನಬ್ಯಾಡ್ರಿ. ಹೋದ ಸಲ ಬಂದವ್ರು ಹಂಗಂದು ಎದ್ದ ಹೋದ್ರು.”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದರಿಂದ ಶುರುಮಾಡಿದೆ.

“ಇಡೀ ಚಿತ್ರದಾಗ ಬಾಗಿಲದ ಹೊರಮೈ ಅಷ್ಟ ಕಾಣತೈತ್ರಿ, ತೆರೆದಾಗೂ ಒಳಮೈ ತೋರಿಸಿಲ್ಲ” ಅಂದೆ. ಇಷ್ಟು ನಿಜ, ನೋಡಿದ ಯಾರಿಗೂ ಕಾಣುವಂಥದು. ಆಮೇಲೆ ಬಂದದ್ದೆಲ್ಲ ಬಾಯಿಗೆ ಬಂದದ್ದು. ಒಳಮೈಯಲ್ಲಿ ಕಾಡಿಗೆಯ ಗೆರೆಗಳಿವೆ ಅಂದೆ. ಒಂದು ಹುಡುಗಿಯನ್ನು ವರ್ಷಕ್ಕೊಮ್ಮೆ ಬಾಗಿಲಿಗೆ ಒತ್ತಿ ನಿಲ್ಲಿಸಿ ಎತ್ತರ ಗುರುತು ಹಾಕಿದ್ದು. ಐದು ಗೆರೆ. ಐದನೆಯದರ ಮೇಲೆ ಒಂದು ಬೆರಳಿನಷ್ಟು ಎತ್ತರಕ್ಕೆ ಅಳಿಸಿದ ಗೆರೆಯೊಂದಿದೆ. ಆಕೆ ಎತ್ತರ ಕಾಣಲೆಂದು ತುದಿಗಾಲ ಮೇಲೆ ನಿಂತಿದ್ದಳು, ಯಾರೋ ಕಳ್ಳತನ ಹಿಡಿದು ಅದನ್ನು ಅಳಿಸಿ ಕೆಳಗೆ ಎಳೆದರು. ಆರನೆಯ ಗೆರೆ ಇಲ್ಲ. ಆ ಮನುಷ್ಯ ಹುಡುಕುತ್ತಿರುವುದು ಮನೆಯನ್ನಲ್ಲ, ಆ ಹುಡುಗಿ ಅಷ್ಟೆತ್ತರ ಇದ್ದಳೆಂಬುದಕ್ಕೆ ಉಳಿದದ್ದು ಆ ಬಾಗಿಲೊಂದೇ, ಅದಕ್ಕೇ ಕೊನೆಯ ಬಯಲು ಬರುವ ತನಕ ಅವನು ಅದನ್ನು ಎಲ್ಲಿಯೂ ಇಳಿಸುವುದಿಲ್ಲ ಅಂದೆ.

ನನ್ನ ಮಾತಿಗೆ ನಾನೇ ಬೆರಗಾದೆ. ಪರೀಕ್ಷೆಯ ಹಾಲಿನಲ್ಲಿ ಏನೂ ಓದದೆ ಬಂದ ಹುಡುಗರು ಪುಟಗಟ್ಟಲೆ ಬರೆಯುವುದು ಹೇಗೆಂದು ಅವತ್ತು ತಿಳಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುವರ್ಣಾ ತುಟಿ ಕಚ್ಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಬಸಲಿಂಗಪ್ಪನವರು ಟೀವಿ ಆರಿಸಿದರು.

“ಛಲೋ ಐತಿ ಮಾಸ್ತರ್ರ” ಅಂದರು. “ಆದ್ರ ಛಲೋ ಇದ್ದದ್ದೆಲ್ಲ ಖರೆ ಅಲ್ಲ. ಆ ದಸ್ತಗೀರ ಇಲ್ಲೀತನಕ ಒಬ್ಬರಿಗೂ ಹೌದು ಅಂದಿಲ್ಲ. ಅವನ ಬಾಯಿಂದ ಹೌದು ಅನಸರಿ. ಫೋನಿನ್ಯಾಗ ನನ್ನ ಕಿವಿಗೆ ಬೀಳಬೇಕು. ಬಿದ್ರ ಬರೂ ಸೋಮವಾರ ಸಕ್ಕರಿ ಹಂಚಿ ಲಗ್ನ ಗಟ್ಟಿ ಮಾಡೂನು.” ಬೀಳದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಭಾನುವಾರ ಸವದತ್ತಿಯ ಬಸ್ಸು ಹತ್ತಿದೆ. ಆ ಊರಲ್ಲಿ ಗುಡ್ಡದ ಯಲ್ಲಮ್ಮನ ಹೊರತು ನನಗೆ ಯಾರದೂ ಗುರುತಿರಲಿಲ್ಲ, ದಸ್ತಗೀರಸಾಬರನ್ನು ಕಂಡದ್ದೇ ಇಲ್ಲ. ದಾರಿಯುದ್ದಕ್ಕೂ ಕಾಲು ಹಿಡಿಯುವ ಮಾತುಗಳನ್ನು ಕಂಠಪಾಠ ಮಾಡಿದೆ. ಮಧ್ಯಾಹ್ನದ ಬಿಸಿಲು. ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ನಲವತ್ತರ ಸುಮಾರಿನ ಮೆತ್ತಗಿನ ಮನುಷ್ಯ, ಕಂಪ್ಯೂಟರಿನಲ್ಲಿ ಯಾರೋ ಮದುಮಕ್ಕಳ ತಲೆಯ ಮೇಲೆ ಪಾರಿವಾಳ ಹಾರಿಸುತ್ತಿದ್ದರು. “ಎಡಕ್ಕ ಹಾರಸ್ಲೇನ್ರಿ, ಬಲಕ್ಕ?” ಎಂದು ನನ್ನನ್ನೇ ಕೇಳಿದರು. ಬಲಕ್ಕೆ ಅಂದೆ. ಆಮೇಲೆ ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ನಾನು ಹೇಳಿದ್ದು ಸುಳ್ಳು, ಆದರೆ ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಒಂದೇ ಒಂದು ‘ಹೌದು’ ಅಂದುಬಿಡಿ, ನಿಮಗೇನು ಕಡಿಮೆಯಾಗುತ್ತದೆ ಅಂದೆ. ಅವರು ನಗುತ್ತ ಕೇಳುತ್ತಿದ್ದರು. “ಅಲ್ರೀ, ಅಂಥಾದ್ದೇನ್ ಹೇಳೀರಿ?” ಅಂದರು. ಹೇಳಿದೆ. ಐದು ಗೆರೆ ಅನ್ನುವಾಗಲೇ ಅವರ ನಗು ನಿಂತಿತ್ತು. ಅಳಿಸಿದ ಗೆರೆಗೆ ಬರುವ ಹೊತ್ತಿಗೆ ಎದ್ದು ನಿಂತಿದ್ದರು.

“ಯಾರ ಹೇಳಿದ್ರು ನಿಮಗ?” ಎಂದರು. ಯಾರೂ ಇಲ್ಲ ಅಂದೆ. ನನ್ನ ಮುಖ ನೋಡಿ, ಒಳಗೆ ಕರೆದೊಯ್ದರು.

ಹಿಂದಿನ ಕೋಣೆಯ ಗೋಡೆಗೆ ಒರಗಿಸಿ ಒಂದು ಹಳೆಯ ಸಾಗವಾನಿ ಬಾಗಿಲು ನಿಂತಿತ್ತು. ಡ್ಯಾಮಿನ ನೀರು ಬಂದು ಅವರ ಹಳೆಯ ಊರು ಮುಳುಗಡೆಯಾದಾಗ ಎಲ್ಲರಂತೆ ಅವರ ಅಪ್ಪನೂ ಬಾಗಿಲು, ತೊಲೆ ಕಿತ್ತುಕೊಂಡು ಬಂದಿದ್ದರಂತೆ. ಹೊಸ ಮನೆಗೆ ಈ ಬಾಗಿಲು ಹೊಂದಲಿಲ್ಲ, ಮಾರಲು ಮನಸ್ಸಾಗಲಿಲ್ಲ. ಅಂದಿನಿಂದ ಹೀಗೇ ಮುಖ ಹೊರಗೆ ಮಾಡಿ ನಿಂತಿದೆ. “ಆ ಕಡೆ ಹಿಡೀರಿ” ಅಂದರು. ಇಬ್ಬರೂ ಸೇರಿ ತಿರುಗಿಸಿದೆವು.

ಕಾಡಿಗೆಯ ಗೆರೆಗಳು. ನಾನು ಎಣಿಸಿದೆ, ಮಾಸ್ತರನಾದ್ದರಿಂದ ಎರಡು ಸಲ ಎಣಿಸಿದೆ. ಐದು. ಐದನೆಯದರ ಮೇಲೆ, ಬೆರಳಿಟ್ಟು ನೋಡಿದೆ, ಸರಿಯಾಗಿ ಒಂದು ಬೆರಳೆತ್ತರಕ್ಕೆ ಯಾರೋ ಅಂಗೈಯಿಂದ ಒರೆಸಿದ ಕಪ್ಪು ಕಲೆ.

“ನನ್ನ ತಂಗಿ ಜೈತುನಂದ್ರಿ” ಅಂದರು. “ಅಳಿಸಿದಾಂವ ನಾನ. ನನ್ನಷ್ಟ ಎತ್ತರ ಆಗೇನಿ ಅಂತ ತುದಿಗಾಲ ಮ್ಯಾಲ ನಿಂತಿದ್ಲು. ಮನ್ಯಾಗ ನಾವಿಬ್ಬರ ಇದ್ವಿ. ಅದ ವರ್ಷ ಜ್ವರ ಬಂದು ಹ್ವಾದ್ಲು. ಇದನ್ನ ನಮ್ಮವ್ವಗೂ ಹೇಳಿಲ್ರಿ ನಾ.”

ಆಗ ನನ್ನ ತಲೆ ತನಗೆ ಗೊತ್ತಿದ್ದ ಕೆಲಸವನ್ನು ಮಾಡತೊಡಗಿತು. ಮಕ್ಕಳ ಎತ್ತರ ಗೋಡೆಗೋ ಬಾಗಿಲಿಗೋ ಗುರುತು ಹಾಕುವ ಮನೆಗಳು ಎಷ್ಟೋ ಇವೆ, ಅದು ಸರಿ. ಐದು ಅನ್ನುವುದು ಯಾರ ಬಾಯಿಗಾದರೂ ಬರುವ ಅಂಕಿ, ಅದೂ ಸರಿ. ಅಳಿಸಿದ ಗೆರೆ? ತುದಿಗಾಲು? ಆ ಊರು ಮುಳುಗಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೀವು ಕಂಡಿರಬಹುದು, ನಾನು ಸುಳ್ಳು ಹೇಳಿ ನಿಜದಲ್ಲಿ ಸಿಕ್ಕಿಬಿದ್ದಿದ್ದೆ.

“ನಾ ಖರೇನ ಸುಳ್ಳ ಹೇಳಿದ್ನಿರಿ, ನನಗೇನೂ ಗೊತ್ತಿಲ್ಲ” ಅಂದೆ.

“ಸುಳ್ಳ ಹಿಂಗ ಇರತೈತೇನ್ರಿ ಮಾಸ್ತರ್ರ?” ಅಂದರು. ಅವರಿಗೆ ಸಿಟ್ಟಿರಲಿಲ್ಲ. “ಹೌದು ಅಂತೇನಿ, ಈಗ ಫೋನ್ ಮಾಡತೇನಿ. ಅದಕ್ಕ ಚಿಂತಿ ಬ್ಯಾಡ. ಆದ್ರ ನನಗೊಂದು ಹೇಳ್ರಿ. ಗೆರಿ ಅಳಿಸಿದ ಮ್ಯಾಲ ಅಕಿ ನಕ್ಲೋ, ಅತ್ಲೋ? ಎಷ್ಟ ನೆನಸಿದ್ರೂ ನನಗ ನೆನಪ ಆಗವಲ್ದು. ಮುಂದ ಅಕಿ ಭಾಳ ದಿನ ಇರಲಿಲ್ರಿ.”

ಆಣೆಯಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ಸುವರ್ಣಾ ನೆನಪಿರಲಿಲ್ಲ, ಸಕ್ಕರೆ ನೆನಪಿರಲಿಲ್ಲ. ನಲವತ್ತು ದಾಟಿದ ಒಬ್ಬ ಅಣ್ಣ ಬಾಗಿಲು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ನಕ್ಕಳ್ರಿ” ಅಂದೆ.

“ಜೋರಾಗಿ?”

“ಹೂಂ. ಜೋರಾಗೇ.”

ಅವರು ಅಲ್ಲೇ ನೆಲಕ್ಕೆ ಕೂತರು. ಆಮೇಲೆ ಎದ್ದು, ಮುಖ ತೊಳೆದು, ನಾನು ಕೊಟ್ಟ ನಂಬರಿಗೆ ಫೋನ್ ಹಚ್ಚಿ, “ಹೌದ್ರಿ, ಮಾಸ್ತರ ಹೇಳಿದ್ದು ಹೌದು” ಅಂದರು. ಆ ಕಡೆಯಿಂದ ಬಸಲಿಂಗಪ್ಪನವರು ಕೂಗಿದ್ದು ದೂರ ನಿಂತ ನನಗೂ ಕೇಳಿಸಿತು, “ಅದಿರಲೋ ಮಾರಾಯಾ, ತತ್ತ್ಯಾಗಿನ ಮುದುಕ ಯಾರು ಅಂತ ಹೇಳು!”

ಸೋಮವಾರ ಸಕ್ಕರೆ ಹಂಚಿದರು. ಮದುವೆಯೂ ಆಯಿತು. ಒಂದಷ್ಟು ವರ್ಷ ನನಗೆ ಅರ್ಥದ ಮಾಸ್ತರ ಎಂಬ ಹೆಸರೂ ಬಂತು. ಜನ ಕನಸು, ಜಾತಕ, ಕಳೆದುಹೋದ ಎಮ್ಮೆ ಎಲ್ಲ ಹಿಡಿದುಕೊಂಡು ಬಂದರು. ನಾನು ಹೇಳಿದ್ದು ಒಂದೂ ನಿಜವಾಗಲಿಲ್ಲ, ಎಮ್ಮೆಯಂತೂ ನಾನು ಹೇಳಿದ ದಿಕ್ಕಿಗೆ ಬೆನ್ನು ಮಾಡಿ ಹೋಗಿತ್ತು. ಕ್ರಮೇಣ ಬರುವುದನ್ನು ಬಿಟ್ಟರು, ಬದುಕಿದೆ. ಆ ಬಾಗಿಲಿನ ಬಗ್ಗೆ ನನಗೆ ತಿಳಿದ ವೈದ್ಯರನ್ನೂ ಕಾಲೇಜಿನ ಗೆಳೆಯರನ್ನೂ ಕೇಳಿದ್ದೇನೆ. ಯಾರೂ ನನಗೆ ಒಪ್ಪಿಗೆಯಾಗುವ ಕಾರಣ ಕೊಡಲಿಲ್ಲ, ನನಗೂ ಹೊಳೆದಿಲ್ಲ.

ಮೊನ್ನೆ ಸುವರ್ಣಾ ಜೋಳ ಹಸನು ಮಾಡುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು, “ಖರೆ ಹೇಳ್ರಿ, ಆ ಹುಡುಗಿ ಅವತ್ತ ನಕ್ಕಿದ್ಲೇನು?”

ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳಿದೆ ಅನ್ನಬೇಕೆಂದಿದ್ದೆ. ಅನ್ನಲಾಗಲಿಲ್ಲ. ಗೆರೆಗಳನ್ನೂ ಬಾಯಿಗೆ ಬಂದಂತೆಯೇ ಹೇಳಿದ್ದೆನಲ್ಲ.